ತಿರುವಿಗೊಂದು ಬೆಲ್

ಪಂಕ್ಚರ್ ಹಾಕುವ ಸಲ್ಯೂಷನ್ನಿನ ವಾಸನೆ ಮೊದಲು ಮೂಗಿಗೆ ಚುಚ್ಚುತ್ತದೆ, ಆಮೇಲೆ ಗಂಟಲಲ್ಲಿ ತುಸು ಸಿಹಿಯಾಗಿ ಉಳಿಯುತ್ತದೆ. ಕಳೆದ ಭಾನುವಾರ ಮಾನಂತವಾಡಿಯ ನಮ್ಮ ಬಾಡಿಗೆ ಮನೆಯ ಹಿತ್ತಿಲಲ್ಲಿ ಕುಳಿತು ಆ ಪುಟ್ಟ ಟ್ಯೂಬಿನ ಹೊಟ್ಟೆ ಅದುಮಿದ್ದೇ ತಡ, ಕಾಲಡಿಯ ಸಿಮೆಂಟು ಸರಿದು ಮರಕ್ಕಡವಿನ ನಮ್ಮ ಹಳೆಯ ಮನೆಯ ಸಗಣಿ ಸಾರಿಸಿದ ಜಗಲಿ ಬಂದು ನಿಂತಿತು. ಜಂತಿಗೆ ತೂಗುಹಾಕಿದ ಹಳೆ ಟೈರುಗಳು, ಸೀಮೆಎಣ್ಣೆಯಲ್ಲಿ ನೆನೆಯುತ್ತಿದ್ದ ಚೈನು, ಗ್ರೀಸು ಮೆತ್ತಿದ ಅಪ್ಪನ ಹೆಬ್ಬೆರಳು. ವಾಸನೆಗಿರುವ ಈ ಮೊಂಡುತನ ನನಗೆ ಇಷ್ಟ. ಅದು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಹಲವು ದಿನಗಳಿಂದ ಕಣ್ಣು ಮುಚ್ಚಿದರೆ ಒಂದು ಬಸ್ಸಿನ ಮೂತಿಯನ್ನಷ್ಟೇ ಕಾಣುತ್ತಿದ್ದ ನನಗೆ ಅವತ್ತು ಬೇರೇನೋ ಕಂಡಿತು.

ನಮ್ಮದು ಕಬಿನಿಯ ದಂಡೆಯ ಮನೆ. ಅಂಗಳದ ತುದಿಯಲ್ಲಿ ಮೆಟ್ಟಿಲಿಳಿದರೆ ದೋಣಿ ನಿಲ್ಲುವ ಕಡವು, ಹೊಳೆಯಾಚೆ ಬೈರಕುಪ್ಪೆ. ಆಚೆಯದು ಕರ್ನಾಟಕ, ಈಚೆಯದು ಕೇರಳ ಎನ್ನುವುದು ಶಾಲೆಯಲ್ಲಿ ಹೇಳಿಕೊಟ್ಟ ಮೇಲೆ ನನಗೆ ಗೊತ್ತಾದ ಸಂಗತಿ. ಅಜ್ಜ ಹೆಗ್ಗಡದೇವನಕೋಟೆ ಕಡೆಯಿಂದ ಬಂದು ಇಲ್ಲಿ ನೆಲೆನಿಂತವನು. ಮನೆಯೊಳಗೆ ಕನ್ನಡ, ಶಾಲೆಯಲ್ಲಿ ಮಲಯಾಳ, ಜಗಲಿಯಲ್ಲಿ ಗಿರಾಕಿ ಯಾವುದರಲ್ಲಿ ಬೈಯುತ್ತಾನೋ ಆ ಭಾಷೆ. ಜಗಲಿಯೇ ಅಪ್ಪನ ಸೈಕಲ್ ಶಾಪು. ಅಮ್ಮ ನನಗೆ ನೆನಪಿಲ್ಲದಷ್ಟು ಮೊದಲೇ ಹೋಗಿದ್ದಳು. ನನ್ನನ್ನು ಸಾಕಿದವಳು, ಅಪ್ಪನ ಜೊತೆ ಪಂಕ್ಚರ್ ಹಾಕಿದವಳು, ಅಪ್ಪನ ಅಕ್ಕ ಸಾಕತ್ತೆ. ತೂತು ಹುಡುಕಲು ನಮ್ಮಲ್ಲಿ ಬೋಗುಣಿ ಇರಲಿಲ್ಲ. ಗಾಳಿ ತುಂಬಿದ ಟ್ಯೂಬನ್ನು ಹೆಗಲಿಗೆ ಹಾಕಿಕೊಂಡು ಅತ್ತೆ ಹೊಳೆಗಿಳಿಯುತ್ತಿದ್ದಳು. ನೀರಲ್ಲಿ ಅದುಮಿ ಹಿಡಿದರೆ ಮುತ್ತಿನ ಸರದ ಹಾಗೆ ಗುಳ್ಳೆ ಏಳುತ್ತಿತ್ತು, ಗುಳ್ಳೆ ಕಚ್ಚಲು ಮೀನಿನ ಮರಿಗಳು ಮುತ್ತುತ್ತಿದ್ದವು. 'ನಿಮ್ಮಪ್ಪನ್ಗಿಂತ ಮುಂಚೆ ಇವ್ಕೆ ಗೊತ್ತಾಯ್ತದೆ ಕಣವ್ವ ತೂತು ಎಲ್ಲದೆ ಅಂತ' ಎಂದು ಅತ್ತೆ ಅಪ್ಪನಿಗೆ ಕೇಳಿಸುವ ಹಾಗೆ ಹೇಳುತ್ತಿದ್ದಳು.

ನಮ್ಮ ಜಗಲಿಗೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಬೆಲ್ ಇಲ್ಲದ ಸೈಕಲ್ಲನ್ನು ಅಪ್ಪ ವಾಪಸು ಕೊಡುತ್ತಿರಲಿಲ್ಲ. ಬ್ರೇಕ್ ಸವೆದಿದ್ದರೆ ಬೈದು ಕೊಡುತ್ತಿದ್ದ, ಸೀಟು ಹರಿದಿದ್ದರೆ ನಕ್ಕು ಕೊಡುತ್ತಿದ್ದ. ಬೆಲ್ ಸತ್ತಿದ್ದರೆ ಮಾತ್ರ ಇಲ್ಲ. 'ಬ್ರೇಕ್ ಇಲ್ದಿದ್ರೆ ಕಾಲದೆ. ಬೆಲ್ ಇಲ್ದಿದ್ರೆ ಏನದೆ ನಿನ್ತಾವ?' ಎನ್ನುತ್ತಿದ್ದ. ಕಾರಣವಿತ್ತು. ಹೊಳೆ ದಾಟಿದವರು ಬೈರಕುಪ್ಪೆಯಿಂದ ಮುಂದೆ ಕಾಡಿನ ದಾರಿಯಲ್ಲಿ ಹೋಗಬೇಕಿತ್ತು, ಆ ದಾರಿಯ ಪ್ರತಿ ತಿರುವಿನಾಚೆಯೂ ಆನೆ ಇರಬಹುದಿತ್ತು. ಆದ್ದರಿಂದ ತಿರುವಿಗೊಂದು ಬೆಲ್. ಬೆಲ್ ಹೊಡೆದು, ಇಳಿದು, ಸೈಕಲ್ಲನ್ನು ಮುಂದೆ ಅಡ್ಡ ಹಿಡಿದು, ನಿಂತು ಕೇಳಬೇಕು. ಕೊಂಬೆ ಮುರಿಯುವ ಸದ್ದಿಲ್ಲದಿದ್ದರೆ ಹತ್ತಿ ಹೊರಡಬೇಕು. ಆನೆ ಎದುರಾದರೆ ಓಡಬಾರದು, ಹಳ್ಳಕ್ಕೆ ಹಾರಬಾರದು, ನಿಂತಲ್ಲೇ ನಿಲ್ಲಬೇಕು. ನಾವಿದ್ದೇವೆ ಎಂದು ಅದಕ್ಕೆ ತಿಳಿಯಬೇಕು, ಮುಂದಿನದು ಅದರ ತೀರ್ಮಾನ. ಹೊಸಬರಿಗೆ ಅಪ್ಪ ಇದನ್ನು ಪಾಠ ಮಾಡಿಯೇ ಕಳಿಸುತ್ತಿದ್ದ. ಗಿರಾಕಿ ತನ್ನ ಕೈಯಿಂದಲೇ ಒಮ್ಮೆ ಬೆಲ್ ಹೊಡೆದು ತೋರಿಸಿದ ಮೇಲೆಯೇ ಅಪ್ಪ ಹ್ಯಾಂಡಲಿನಿಂದ ಕೈ ತೆಗೆಯುತ್ತಿದ್ದ.

ಸಂಜೆ ಕಾಡುದಾರಿ ಮುಗಿಸಿ ಬಂದವರು ಆಚೆ ದಡದ ಕೊನೆಯ ತಿರುವಿನಲ್ಲಿ ಬೆಲ್ ಹೊಡೆಯುತ್ತಿದ್ದರು. ನೀರಿನ ಮೇಲೆ ಆ ಸದ್ದು ತೆಳ್ಳಗೆ ಹಾರಿ ಬರುತ್ತಿತ್ತು. ಅಪ್ಪ ಮಾಡುತ್ತಿದ್ದ ಕೆಲಸ ಬಿಟ್ಟು, ಅಂಗಳದಲ್ಲಿದ್ದ ಯಾವುದೋ ಸೈಕಲ್ಲಿನ ಬೆಲ್ಲನ್ನು ಬಿಟ್ಟು ಬಿಟ್ಟು ಹೊಡೆದು ಉತ್ತರ ಕೊಡುತ್ತಿದ್ದ. ದೋಣಿ ಇದೆ, ನಾವು ಎಚ್ಚರವಿದ್ದೇವೆ, ಬಾ ಎಂದು ಅದರ ಅರ್ಥ. ಉತ್ತರ ಕೊಡುವ ಕೆಲಸ ನನಗೆ ಸಿಕ್ಕ ಸಂಜೆಗಳಲ್ಲಿ ನಾನು ಊಟವನ್ನೂ ಮರೆಯುತ್ತಿದ್ದೆ. ಆ ಮನೆಯಿಂದ ನನಗೆ ಬಂದ ಆಸ್ತಿ ಏನೆಂದು ಯಾರಾದರೂ ಕೇಳಿದರೆ ನಾನು ಆ ಸದ್ದನ್ನೇ ಹೇಳುತ್ತೇನೆ.

ಸಾಕತ್ತೆ ಸೈಕಲ್ ಹೊಡೆಯುತ್ತಿದ್ದಳು. ಸೀರೆ ಉಟ್ಟು ಹತ್ತಲಿ ಎಂದು ಅಪ್ಪ ಒಂದು ಗಂಡಸರ ಸೈಕಲ್ಲಿನ ಅಡ್ಡಪಟ್ಟಿ ಕೊಯ್ದು, ಪುಲ್ಪಳ್ಳಿ ಪೇಟೆಗೆ ಒಯ್ದು, ಕೆಳಗೆ ಬೆಸುಗೆ ಹಾಕಿಸಿ ತಂದಿದ್ದ. ಆ ಬೆಸುಗೆಯ ಗಂಟು ಇವತ್ತಿಗೂ ಮುಟ್ಟಿದರೆ ಸಿಗುತ್ತದೆ. 'ಸಾಕವ್ವ, ಗಾಳಿ ಕಮ್ಮಿಯಾಗದೆ ನೋಡು, ಚಕ್ರುಕ್ಕಲ್ಲ, ನಿಂಗೆ' ಎಂದು ಕಡವಿನಲ್ಲಿ ಗಂಡಸರು ಕಿಚಾಯಿಸಿದರೆ, 'ನಿನ್ ಬಾಯಿಗ್ ಪಂಪ್ ಸಿಗಿಸ್ತೀನಿ ಬಾ' ಎನ್ನುತ್ತಿದ್ದಳು. ಒಂದು ಮುಂಜಾನೆ ನಾನು ಕ್ಯಾರಿಯರ್ ಮೇಲೆ ಕೂತಿದ್ದಾಗ, ಕಾಡಿನ ತಿರುವಿನಲ್ಲಿ ಅವಳ ಬೆಲ್ಲಿಗೆ ಉತ್ತರವಾಗಿ ಬಿದಿರು ಲಟಕ್ಕೆಂದಿತು. ಒಂಟಿ ಆನೆ. ಅತ್ತೆ ಇಳಿದಳು, ನನ್ನನ್ನು ಇಳಿಸಿ ಬೆನ್ನ ಹಿಂದೆ ಹಾಕಿಕೊಂಡಳು, ಸೈಕಲ್ಲನ್ನು ಅಡ್ಡ ಹಿಡಿದು ನಿಂತಳು. ಅದರ ಉಸಿರು, ಹಸಿ ಸೊಪ್ಪಿನ ವಾಸನೆ, ಅತ್ತೆಯ ಬೆನ್ನಿನಲ್ಲಿ ಬೆವರಿಗೆ ಅಂಟಿದ್ದ ರವಿಕೆ. ಆನೆ ನಮ್ಮನ್ನು ನೋಡುವಷ್ಟು ನೋಡಿ, ಕಿವಿ ಬೀಸಿ, ದಾರಿ ದಾಟಿ ಹೋಯಿತು. ಅತ್ತೆ ಮತ್ತೆ ಹತ್ತಿದಳು.

ಆ ಮನೆ ಈಗಿಲ್ಲ. ಕಡವಿಗೆ ಸೈಕಲ್ಲುಗಳ ಬದಲು ಬೈಕುಗಳು ಬಂದವು, ಜಗಲಿ ಖಾಲಿಯಾಯಿತು, ಅಪ್ಪ ಹೋದ, ಜಾಗ ಮಾರಿದೆವು. ಮೈಸೂರಿನಲ್ಲಿ ಓದಿ ಬಂದು ಮಾನಂತವಾಡಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ನಾನು ಅತ್ತೆಯನ್ನೂ ಅವಳ ಸೈಕಲ್ಲನ್ನೂ ಕರೆತಂದೆ. ಹಳೆಯ ಜಾಗದಲ್ಲಿ ಈಗೊಂದು ಹೋಮ್‌ಸ್ಟೇ ಇದೆ. ಗೇಟಿನ ಪಕ್ಕ ಬಿಳಿ ಬಣ್ಣ ಬಳಿದ ಸೈಕಲ್ಲೊಂದನ್ನು ನಿಲ್ಲಿಸಿ, ಅದರ ಬುಟ್ಟಿಯಲ್ಲೂ ಕ್ಯಾರಿಯರಿನಲ್ಲೂ ಹೂವಿನ ಗಿಡ ನೆಟ್ಟಿದ್ದಾರೆ. ಚೈನಿಲ್ಲ, ಬೆಲ್ಲಿಲ್ಲ. ಒಮ್ಮೆ ಅಲ್ಲಿಗೆ ಹೋಗಿದ್ದಾಗ ಅತ್ತೆ ಅದಕ್ಕೊಂದು ಸುತ್ತು ಹಾಕಿ, 'ಹೆಣುಕ್ಕೆ ಹೂ ಮುಡ್ಸವ್ರೆ' ಎಂದಳು.

ಪೇಟೆಯಲ್ಲಿ ಸೈಕಲ್ ಇಟ್ಟುಕೊಳ್ಳುವುದೆಂದರೆ ದಿನವೂ ಒಂದು ಜಗಳ. ನಿಲ್ಲಿಸಲು ಜಾಗವಿಲ್ಲ, ಬೈಕುಗಳ ಸಾಲಿನಲ್ಲಿ ನಿಲ್ಲಿಸಿದರೆ ಹಿಂತಿರುಗುವಷ್ಟರಲ್ಲಿ ಯಾರೋ ಎತ್ತಿ ಚರಂಡಿಯ ಪಕ್ಕ ಒರಗಿಸಿರುತ್ತಾರೆ. ಗಾಳಿಗೆಂದು ಪೆಟ್ರೋಲ್ ಬಂಕಿಗೆ ಹೋದರೆ ಅಲ್ಲಿಯ ಪೈಪು ನಮ್ಮ ವಾಲ್‌ಟ್ಯೂಬಿಗೆ ಕೂರುವುದಿಲ್ಲ. ಇರುವ ಒಂದು ಸೈಕಲ್ ಅಂಗಡಿಯಲ್ಲಿ ಮಕ್ಕಳ ಗೇರ್ ಸೈಕಲ್ಲುಗಳು ಮಾತ್ರ. ಏರಿನಲ್ಲಿ ತಳ್ಳಿಕೊಂಡು ಹೋದರೆ ದಾರಿಹೋಕರ ಮರುಕ, ಇಳಿಜಾರಿನಲ್ಲಿ ಬೆನ್ನ ಹಿಂದೆ ಜೀಪಿನ ಹಾರ್ನು. ಒಂದು ಸ್ಕೂಟಿ ತೆಗೆದುಕೊಳ್ಳಬಾರದೇ ಎಂದು ಕೇಳದವರೇ ಇಲ್ಲ. ಅರವತ್ತು ದಾಟಿದ ಅತ್ತೆ ಇದ್ಯಾವುದಕ್ಕೂ ಸೊಪ್ಪು ಹಾಕದೆ ಮಾರ್ಕೆಟ್ಟಿಗೂ ರೇಷನ್ ಅಂಗಡಿಗೂ ಸೈಕಲ್ಲಿನಲ್ಲೇ ಹೋಗುತ್ತಿದ್ದಳು. ಪೇಟೆಯಲ್ಲೂ ತಿರುವಿಗೊಂದು ಬೆಲ್.

ಆ ಭಾನುವಾರಕ್ಕೆ ಹಲವು ದಿನ ಮುಂಚೆ ಒಮ್ಮೆ ನಾನು ಇಳಿಜಾರಿನ ಕೆಳಗಿನ ತರಕಾರಿ ಅಂಗಡಿಯಲ್ಲಿದ್ದೆ. ಮೇಲಿನಿಂದ ಅತ್ತೆ ಬರುವುದು ಕಂಡಿತು. ತಿರುವಿನ ಹತ್ತಿರ ಅವಳ ಬೆಲ್ ಕೇಳಿಸಿತು. ಅದೇ ಹೊತ್ತಿಗೆ ಏರು ಹತ್ತುತ್ತಿದ್ದ ಖಾಸಗಿ ಬಸ್ಸೊಂದು ಮುಂದಿನ ಜೀಪನ್ನು ಹಿಂದೆ ಹಾಕಲು ಪೂರ್ತಿ ಬಲಕ್ಕೆ, ಅವಳ ಬದಿಗೆ, ನುಗ್ಗಿತು. ಪಕ್ಕದಲ್ಲೇ ಅಂಗಡಿಯ ಮೆಟ್ಟಿಲಿತ್ತು, ಅವಳು ಹಾರಬಹುದಿತ್ತು. ಹಾರಲಿಲ್ಲ. ಇಳಿದಳು, ಸೈಕಲ್ಲನ್ನು ಅಡ್ಡ ಹಿಡಿದಳು, ನಿಂತಳು. ನಾನು ಕೂಗಿದೆನೋ ಇಲ್ಲವೋ ಈಗಲೂ ಗೊತ್ತಿಲ್ಲ. ಬ್ರೇಕಿನ ಕಿರುಚಾಟ, ಸುಟ್ಟ ರಬ್ಬರಿನ ವಾಸನೆ, ಆಮೇಲೆ ಬಸ್ಸು ಆನೆಯ ಹಾಗೆ ಉಸ್ಸೆಂದು ಬಿಟ್ಟ ಉಸಿರು. ಮುಂದಿನ ಚಕ್ರ ಬಂಪರಿನಡಿ ಸಿಕ್ಕಿ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಅತ್ತೆಯ ಎರಡೂ ಕೈ ಹ್ಯಾಂಡಲಿನ ಮೇಲೇ ಇದ್ದವು.

'ಚಾಕಾನ್ ಇರಂಗಿಯದಾಣೋ?' ಎಂದು ಡ್ರೈವರ್ ಕಿಟಕಿಯಿಂದ ಅರಚಿದ, ಸಾಯೋದಕ್ಕೇ ಹೊರಟಿದ್ದೀಯಾ ಎಂದು. ಅತ್ತೆ ಕನ್ನಡದಲ್ಲೇ ಉತ್ತರಿಸಿದಳು: 'ಬೆಲ್ ಹೊಡುದ್ನಲ್ಲ, ಕೇಳ್ನಿಲ್ವಾ? ಆನೆಗೇ ಕೇಳ್ತದೆ, ನಿಂಗ್ ಕೇಳಕಿಲ್ವಾ?' ಬಾಗಿಲಲ್ಲಿ ನಿಂತಿದ್ದ ಕಂಡಕ್ಟರನಿಗೆ ಅರ್ಥವಾಗಿರಬೇಕು, ಅವನು ಮುಖ ತಿರುಗಿಸಿ ನಕ್ಕ. ಆಮೇಲೆ ಜನ ಸೇರಿದರು. ಈ ವಯಸ್ಸಿನಲ್ಲಿ ಸೈಕಲ್ ಯಾಕೆ, ಮನೆಯವರು ಯಾಕೆ ಬಿಡುತ್ತಾರೆ, ಈ ಹಳೆ ಗಾಡಿಯನ್ನು ಆಕ್ರಿಗೆ ಹಾಕಬಾರದೇ. ಆಕ್ರಿ ಎಂದರೆ ಇಲ್ಲಿ ಗುಜರಿ. ತಪ್ಪು ಬದಿಗೆ ನುಗ್ಗಿದ ಬಸ್ಸಿಗೆ ಒಬ್ಬನೂ ಒಂದು ಮಾತು ಹೇಳಲಿಲ್ಲ. ಅದು ಹಾರ್ನ್ ಹೊಡೆಯುತ್ತಾ ಹೋಯಿತು.

ಅಂದಿನಿಂದ ನನಗೆ ನಿದ್ದೆಯಿಲ್ಲ. ಬೆಲ್ ಕೇಳಿಸುತ್ತದೆ, ಅತ್ತೆ ಇಳಿಯುತ್ತಾಳೆ, ಬಸ್ಸು ಬರುತ್ತದೆ. ಕೆಲವೊಮ್ಮೆ ಅದು ನಿಲ್ಲುವುದಿಲ್ಲ. ಲ್ಯಾಬಿನಲ್ಲಿ ಸೂಜಿ ಹಿಡಿಯುವ ಕೆಲಸವನ್ನು ಬೇರೆಯವರಿಗೆ ಬಿಡುತ್ತೇನೆ. ಮನೆ ಮಾಲೀಕರು ಕಾಳಜಿಯಿಂದಲೇ ಆಕ್ರಿಯವನಿಗೆ ಹೇಳಿಬಿಟ್ಟಿದ್ದರು, ಸೋಮವಾರ ಬಂದು ಸೈಕಲ್ ಒಯ್ಯಲಿ ಎಂದು. ನಾನೂ ಬೇಡವೆನ್ನಲಿಲ್ಲ. ಶನಿವಾರ ಸಂಜೆ ಅತ್ತೆಗೆ ಹೇಳಿದೆ:

'ಅತ್ತೆ, ಆನೆ ನಿಂತ್ಕತದೆ. ಬಸ್ಸು ನಿಲ್ಲಾಕಿಲ್ಲ.'

'ನಿಂತ್ಕತು ತಾನೇ?'

'ಒಂದು ಗೇಣಲ್ಲಿ!'

'ಆನೇನೂ ಅಷ್ಟೇಯ.' ಸೊಟ್ಟ ಚಕ್ರದ ಕಡೆ ಕೈ ತೋರಿಸಿ ಹೇಳಿದಳು: 'ಕಾಡಲ್ಲಿ ದಾರಿ ಆನೇದು ಕಣವ್ವ, ಬುಟ್ಕೊಡಾನ. ಇಲ್ಲಿ ದಾರಿ ಯಾರ್ದು? ಅವ್ರಪ್ಪಂದಾ? ಔಟ್ ತೆಗಿ, ಸಾಕು.'

ಸೊಟ್ಟ ಚಕ್ರವನ್ನು ನೇರ ಮಾಡುವುದಕ್ಕೆ ನಮ್ಮ ಜಗಲಿಯಲ್ಲಿ ಔಟ್ ತೆಗೆಯುವುದು ಎನ್ನುತ್ತಿದ್ದರು. ಅತ್ತೆಯ ಬೆರಳುಗಳಲ್ಲಿ ಈಗ ಆ ಬಲವಿಲ್ಲ. ಚಕ್ರದ ಕಡ್ಡಿಗಳನ್ನು ತಿರುಗಿಸುವ ಅಪ್ಪನ ಕೀಲಿ ಮಾತ್ರ ಅವಳ ಪೆಟ್ಟಿಗೆಯಲ್ಲಿತ್ತು. ಹಾಗಾಗಿ ಭಾನುವಾರ ಹಿತ್ತಿಲಲ್ಲಿ ಕೂತವಳು ನಾನು. ಮೊದಲು ರಿಮ್ಮನ್ನು ನೆಲಕ್ಕೆ ಹಾಕಿ ಮೊಣಕಾಲಿನಲ್ಲಿ ಅದುಮಿ ಒಂದು ಹದಕ್ಕೆ ತಂದೆ. ಆಮೇಲೆ ಟ್ಯೂಬಿನ ಗಾಯಕ್ಕೆ ತೇಪೆ ಹಾಕಿ, ಒಣಗಲು ಬಿಟ್ಟು, ಚಕ್ರವನ್ನು ತಿರುಗಲು ಬಿಟ್ಟು ಅದರ ಅಂಚಿಗೆ ಸೀಮೆಸುಣ್ಣ ಹಿಡಿದೆ. ಗುರುತು ಬಿದ್ದಲ್ಲಿ ಒಂದು ಕಡ್ಡಿ ಸಡಿಲ, ಎದುರಿನದು ಬಿಗಿ. ಅತ್ತೆ ಹೊಸ್ತಿಲಲ್ಲಿ ಕೂತು ಕಡ್ಡಿಗಳನ್ನು ಬೆರಳಿನಿಂದ ಮೀಟಿ, 'ಇದು ಅಳ್ತಾ ಅದೆ, ವಸಿ ಬಿಗಿ ಮಾಡು' ಎನ್ನುತ್ತಿದ್ದಳು. ಕೀಲಿ ಹಿಡಿದಷ್ಟು ಹೊತ್ತೂ ಬಸ್ಸಿನ ಮೂತಿ ಕಾಣಲಿಲ್ಲ ಎಂದು ಕೆಲಸ ಮುಗಿದ ಮೇಲೆ ಗಮನಿಸಿದೆ. ಹೆದರಿದವಳು ನಾನು ನಿಜ. ಹೆದರಿಸಿದವರು ದಾರಿಯಲ್ಲಿ ಉಳಿಯಬೇಕು, ಹೆದರಿದವರು ಮನೆಗೆ ಹೋಗಬೇಕು ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಚಕ್ರ ಕೂರಿಸಿ ನಿಲ್ಲಿಸಿದಾಗ ಅತ್ತೆ ಹ್ಯಾಂಡಲಿನ ಮೇಲೆ ಕೈಯಿಟ್ಟಳು. ಹತ್ತುತ್ತಾಳೆಂದುಕೊಂಡೆ. ಅವಳು ತನ್ನ ಮಂಡಿಯನ್ನು ನೋಡಿಕೊಂಡು, ಸೈಕಲ್ಲನ್ನು ನನ್ನ ಕಡೆ ತಿರುಗಿಸಿದಳು. 'ಇನ್ಮೇಲೆ ನಿಂದು. ಬೆಲ್ ಹೊಡಿ.' ಹೊಡೆದೆ. 'ನಿಮ್ಮಪ್ಪ ಇದ್ದಿದ್ರೆ ಕೊಡ್ತಿರ್ನಿಲ್ಲ. ಜೋರಾಗ್ ಹೊಡಿ.' ಹಿತ್ತಿಲ ಗೋಡೆಗೆ ಬಡಿದು ಬರುವ ಹಾಗೆ ಹೊಡೆದ ಮೇಲೆಯೇ ಅವಳು ಕೈ ತೆಗೆದಳು.

ಸೋಮವಾರ ಆಕ್ರಿಯವನು ಬಂದಾಗ ಅವನಿಗೆ ಕೊಡಲು ನಮ್ಮಲ್ಲಿ ಏನೂ ಇರಲಿಲ್ಲ. ನಾನು ಸೈಕಲ್ಲಿನಲ್ಲಿ ಲ್ಯಾಬಿಗೆ ಹೋಗಿಯಾಗಿತ್ತು. ಆ ತಿರುವಿನಲ್ಲಿ ಬೆಲ್ ಹೊಡೆದೆ, ಇಳಿದೆ, ಕಿವಿಗೊಟ್ಟೆ. ಹಿಂದಿನಿಂದ ಒಂದು ಕಾರು ರೇಗಿ ಹಾರ್ನ್ ಮಾಡಿತು. ಮಾಡಲಿ. ಸಾಕೆನಿಸುವಷ್ಟು ಹೊತ್ತು ನಿಂತು ಆಮೇಲೆ ಹತ್ತಿದೆ.

ಸಂಜೆ ಮನೆಯ ಕೆಳಗಿನ ಕೊನೆಯ ತಿರುವಿನಲ್ಲಿ ಮತ್ತೊಮ್ಮೆ ಬೆಲ್ ಹೊಡೆದು, ಯಾವ ಕಾಲದ್ದೋ ಅಭ್ಯಾಸದಿಂದ, ಉತ್ತರಕ್ಕೆ ಕಾದೆ. ಎದುರಿಗೆ ಹೊಳೆಯಿರಲಿಲ್ಲ, ಅಂಗಳದಲ್ಲಿ ಸೈಕಲ್ಲುಗಳಿರಲಿಲ್ಲ. ಕೆಲಸ ಬಿಟ್ಟೆದ್ದು ಬೆಲ್ ಹೊಡೆದು ಉತ್ತರ ಕೊಡುತ್ತಿದ್ದ ಅಪ್ಪ ಹೋಗಿ ಎಷ್ಟೋ ಮಳೆಗಾಲ ಕಳೆದಿದೆ. ಆಗ ಮೇಲಿನ ನಮ್ಮ ಮನೆಯ ಕಡೆಯಿಂದ ಕೇಳಿಸಿತು. ಕಡ್ಡಿಯ ಕೀಲಿಯಿಂದ ಸ್ಟೀಲ್ ಲೋಟಕ್ಕೆ ಯಾರೋ ಬಡಿಯುತ್ತಿದ್ದರು, ಬಿಟ್ಟು ಬಿಟ್ಟು, ಅಪ್ಪ ಹೊಡೆಯುತ್ತಿದ್ದ ಅದೇ ಲಯದಲ್ಲಿ.