ನೋಡಿಲ್ಲ ಎಂದು ನಾನು ಹೇಳಿದ ಮಗು

ನನ್ನ ಬಾಯಿ ಜೋರು ಎಂದು ನಮ್ಮ ಮನೆಯವರು ಮದುವೆಯಾದ ವರ್ಷದಿಂದ ಹೇಳುತ್ತಲೇ ಇದ್ದಾರೆ. ನಾನೂ ಒಪ್ಪಿಕೊಂಡಿದ್ದೇನೆ. ಬೈದದ್ದು, ಬೈಸಿಕೊಂಡದ್ದು ಎಲ್ಲ ಮರೆತುಹೋಗಿದೆ. ಮೆಲ್ಲಗೆ ಆಡಿದ ಒಂದು ಸುಳ್ಳು ಮಾತ್ರ ಇಷ್ಟು ವರ್ಷವಾದರೂ ಎದೆಯಲ್ಲಿ ಕೂತಿದೆ.

ನಮ್ಮದು ವಿರೂಪಾಕ್ಷಿಪುರದ ಕಡೆಯ ಊರು. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ರಸ್ತೆ ಪಕ್ಕದ ಹೊಲಗಳಲ್ಲಿ ಒಂದೊಂದೇ ಶೆಡ್ಡು ಏಳುತ್ತಿತ್ತು. ಗಾರ್ಮೆಂಟ್ಸಿನ ವ್ಯಾನು ನಮ್ಮೂರಿನವರೆಗೂ ಬರತೊಡಗಿತ್ತು. ಊರಿನ ಹೆಂಗಸರಲ್ಲಿ ಮೊದಲು ಅದನ್ನು ಹತ್ತಿದವಳು ಪಕ್ಕದ ಮನೆಯ ಸೊಸೆ. ಕೊರಳಿಗೆ ಹಾಕಿಕೊಂಡ ಫ್ಯಾಕ್ಟರಿಯ ಗುರುತಿನ ಕಾರ್ಡನ್ನು ಭಾನುವಾರ ಅಂಗಡಿಗೆ ಹೋಗುವಾಗಲೂ ತೆಗೆಯುತ್ತಿರಲಿಲ್ಲ.

"ಡೀಸಿ ಸಾಹೇಬ್ರು ಎತ್ಲಾಗ್ ಹೊಂಟ್ರು?" ಎಂದು ರೇಗಿಸುತ್ತಿದ್ದೆ.

"ಒಸಿ ಕಾಪಿ ಪುಡಿ ತರಕ್ಕೆ ಕಣಕ್ಕ" ಎಂದು ನಗುತ್ತಿದ್ದಳು. ಆ ನಗು ನನಗೆ ಒಳಗೊಳಗೇ ಹೊಟ್ಟೆ ಉರಿಸುತ್ತಿತ್ತು. ಈಗ ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

ಅವಳಿಗೆ ಅತ್ತೆ ಇರಲಿಲ್ಲ. ಗಂಡ ಕನಕಪುರದ ಕಡೆ ಕಲ್ಲು ಕ್ವಾರಿಗೆ ಹೊತ್ತು ಹುಟ್ಟುವ ಮೊದಲೇ ಹೊರಡುತ್ತಿದ್ದ. ಮೂರೂವರೆ ವರ್ಷದ ಮಗಳಿಗೆ ತಲೆ ಬಾಚಿ, ಮುಖಕ್ಕೆಲ್ಲ ಪೌಡರು ಬಳಿದು, ನಮ್ಮ ಜಗಲಿ ಮೇಲೆ ಕೂರಿಸಿ, "ಅಕ್ಕಾ, ಬುಟ್ಟಿವ್ನಿ" ಎಂದು ಕೂಗುತ್ತಿದ್ದಳು. ನಾನು ಒಳಗಿಂದ "ಹೂಂ" ಎನ್ನಬೇಕು. ಆ ಹೂಂ ಕಿವಿಗೆ ಬೀಳದೆ ಅವಳು ಹೆಜ್ಜೆ ಎತ್ತುತ್ತಿರಲಿಲ್ಲ. ಅಂಗನವಾಡಿ ಬಾಗಿಲು ತೆಗೆಯುವವರೆಗೆ ಮಗು ನಮ್ಮ ಮನೆಯಲ್ಲಿರುತ್ತಿತ್ತು, ನನ್ನನ್ನು ದೊಡ್ಡವ್ವ ಎನ್ನುತ್ತಿತ್ತು.

ಆ ದಿನ ನಮ್ಮ ಮನೆಯಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಪೊರೆ ಬಿಡುವ ಮುಂಚೆ ಹುಳು ಏನೂ ತಿನ್ನದೆ ಮಲಗುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಎದ್ದ ಮೇಲೆ ಅವಕ್ಕೆ ಎಲ್ಲಿಲ್ಲದ ಹಸಿವು, ಸೊಪ್ಪು ಹಾಕಿ ಹಾಕಿ ನಮಗೆ ಸಾಕಾಗಿಹೋಗುತ್ತದೆ. ಹುಳುಮನೆಯೊಳಗೆ ಹೊರಗಿನವರು ಕಾಲಿಡುವಂತಿಲ್ಲ. ಊದುಬತ್ತಿ, ಹೊಗೆಸೊಪ್ಪು, ಪೌಡರು, ಯಾವ ವಾಸನೆಯೂ ಸುಳಿಯಬಾರದು. ಹಿಂದಿನ ಬೆಳೆ ರೋಗ ಬಂದು ಪೂರಾ ತಿಪ್ಪೆಗೆ ಹೋಗಿತ್ತು. ಅದರ ಭಯ, ಸಿಟ್ಟು ಎರಡೂ ನನ್ನ ತಲೆಯಲ್ಲಿ ಕುದಿಯುತ್ತಿದ್ದವು.

ಅವಳು ಕೂಗಿದಳು. ನಾನು ಹೂಂ ಎಂದೆ. ಸ್ವಲ್ಪ ಹೊತ್ತಿಗೆ ಮಗು ಹುಳುಮನೆಯ ಬಾಗಿಲು ತಳ್ಳಿಕೊಂಡು ಬಂದು ಹುಳುವಿನ ತಟ್ಟೆಗೆ ಕೈ ಹಾಕಿತು. ಪೌಡರು ಘಮ್ಮೆಂದಿತು.

"ಏಯ್, ಪೌಡ್ರು ಬಳ್ಕೊಂಡು ಇಲ್ಲೀಗಂಟ ಬಂದ್ಬುಟ್ಯಾ! ನಡಿ ಆಚೆಗೆ! ನಿಮ್ಮವ್ವನ್ ತಾವ್ಕೇ ಹೋಗು!"

ಮಗು ಅಳಲಿಲ್ಲ. ನನ್ನ ಮುಖವನ್ನೇ ನೋಡಿ ಆಚೆ ಹೋಯಿತು. ನಾನು ಬಾಗಿಲು ಹಾಕಿ ಚಿಲಕ ಜಡಿದೆ. ಅವ್ವ ಹೋದ ದಾರಿ ಅದಕ್ಕೆ ಗೊತ್ತಿತ್ತು. ಹೋಗು ಅಂದಿದ್ದೆ, ಹೋಯಿತು.

ಸೊಪ್ಪು ಮುಗಿಸಿ ಆಚೆ ಬರುವಷ್ಟರಲ್ಲಿ ಹನ್ನೊಂದಾಗಿತ್ತು. ಜಗಲಿ ಖಾಲಿ. ಅಂಗನವಾಡಿಗೆ ಹೋಗಿರಬೇಕು ಅಂದುಕೊಂಡೆ. ಮಧ್ಯಾಹ್ನ ಅಲ್ಲಿಯ ಆಯಾ ಬಂದು "ಮಗಾ ಇವತ್ತು ಬರ್ನಿಲ್ವಲ್ಲ" ಎಂದಾಗ ನಾನು ಬೀದಿಗೆ ಓಡಿದೆ. ಊರೆಲ್ಲ ಹುಡುಕಿದರು. ಬಾವಿ ನೋಡಿದರು. ಹೊಸ ಶೆಡ್ಡಿನ ಪಾಯದ ಗುಂಡಿಯಲ್ಲಿ ನೀರು ನಿಂತಿತ್ತು, ಇಬ್ಬರು ಗಂಡಸರು ಎದೆಮಟ್ಟ ಇಳಿದು ಕಾಲಲ್ಲಿ ತಡಕಿದರು. ಅವರು ತಡಕುವುದನ್ನು ನೋಡಲಾಗದೆ ನಾನು ಕಣ್ಣು ಮುಚ್ಚಿಕೊಂಡೆ.

ಅಂಗಡಿಯ ಫೋನಿನಿಂದ ಸುದ್ದಿ ಮುಟ್ಟಿಸಿದ್ದರು. ಗಂಡ ಹೆಂಡತಿ ಮೂರು ಗಂಟೆ ಹೊತ್ತಿಗೆ ಬಂದರು. ಅವನು ನೇರ ನನ್ನ ಹತ್ತಿರ ಬಂದ.

"ಅಕ್ಕ, ಮಗಾ ನಿಮ್ಮನೇಗ್ ಬಂದಿತ್ತಾ?"

"ನಾನ್ ಹುಳುಮನೇಲಿದ್ದೆ ಕಣಪ್ಪ. ನೋಡ್ನಿಲ್ಲ."

ಅವಳು ನನ್ನ ಕಡೆ ತಿರುಗಿದಳು. "ಹೂಂ ಅಂದ್ಯಲ್ಲಕ್ಕ" ಎಂದಳು. ನಾನು ನೆಲ ನೋಡಿದೆ.

ಊರಿಗೆ ಅಷ್ಟು ಸಾಕಾಯಿತು. "ಹೆತ್ತ ಮಗೀಗಿಂತ ಮಿಷಿನ್ನೇ ಹೆಚ್ಚಾಯ್ತಾ ನಿಂಗೆ?" ಎಂದು ಒಬ್ಬಳು. "ಕಾರ್ಡು ನೇತಾಕ್ಕಂಡು ಮೆರಿಯಕ್ಕೆ ಯಾಕ್ ಹೆರ್ಬೇಕಿತ್ತು?" ಎಂದು ಇನ್ನೊಬ್ಬಳು. ಗಂಡ ಎಲ್ಲರೆದುರೇ ಅವಳ ಕೆನ್ನೆಗೆ ಬಾರಿಸಿದ. ಕ್ವಾರಿಗೆ ಹೋಗಿದ್ದ ಅವನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಯಾರೋ ನನ್ನ ಮುಖ ನೋಡಿದರು. ಆಗ ನಾನೂ "ನಾವಾದ್ರೂ ಎಷ್ಟೂಂತ ನೋಡ್ಕಳದು" ಅಂದುಬಿಟ್ಟೆ. ಆ ನಾಲಿಗೆ ಇದೇ ನಾಲಿಗೆ.

ಸಂಜೆ ಮುಂದೆ ಒಂದು ಟೆಂಪೋ ಬಂತು. ಬೊಂಬೆ ಕೆತ್ತುವ ಮರ ತುಂಬಿಕೊಂಡು ಚನ್ನಪಟ್ಟಣಕ್ಕೆ ಹೊರಟಿದ್ದ ಸಾಬರೊಬ್ಬರು, ಎರಡು ಮೂರು ಮೈಲಿ ಆಚೆ ಮೋರಿ ಮೇಲೆ ಕೂತಿದ್ದ ಮಗುವನ್ನು ಕಂಡು, ಊರೂರಲ್ಲಿ ವಿಚಾರಿಸುತ್ತಾ ತಂದಿದ್ದರು. ಜನ ಅವರಿಗೂ ತಾಯಿಯ ಕಥೆ ಒಪ್ಪಿಸಲು ಹೋದರು. "ಅದೆಲ್ಲ ಆಮೇಲೆ, ಮೊದ್ಲು ಮಗೂಗೆ ನೀರ್ ಕೊಡೀಮ್ಮಾ" ಎಂದರು ಆ ಪುಣ್ಯಾತ್ಮ. ಮಗುವಿನ ಅಂಗಾಲಲ್ಲಿ ಬೊಬ್ಬೆ ಎದ್ದಿತ್ತು.

ಮಾರನೆಯ ದಿನದಿಂದ ಅವಳು ವ್ಯಾನು ಹತ್ತಲಿಲ್ಲ. ಕಾರ್ಡನ್ನು ಗಂಡ ಒಲೆಗೆ ಹಾಕಿದ್ದ. ನೀರು ಹಿಡಿಯುವಲ್ಲಿ ಹೆಂಗಸರು ಅವಳನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ನಾನು ದಿನಾ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂದುಕೊಂಡೆ. ವರ್ಷ ತುಂಬುವುದರೊಳಗೆ ಅವರು ಮಾಗಡಿ ಕಡೆ ಅವಳ ತವರೂರಿಗೆ ಹೊರಟುಹೋದರು.

ಮೊನ್ನೆ ಮೊನ್ನೆ, ಮಗನ ಮದುವೆ ಪತ್ರಿಕೆ ಕೊಡುವ ನೆಪದಲ್ಲಿ ಅವಳ ಮನೆ ಹುಡುಕಿಕೊಂಡು ಹೋದೆ. ಮಗಳು ಕಾಲೇಜಿಗೆ ಹೋಗಿದ್ದಳು. ಕಾಫಿ ಲೋಟ ಕೆಳಗಿಟ್ಟು, ಒಂದೂ ಬಿಡದೆ ಎಲ್ಲ ಹೇಳಿದೆ. ಅಳುತ್ತಲೇ ಹೇಳಿದೆ.

"ಗೊತ್ತು ಕಣಕ್ಕ" ಎಂದಳು. "ಟೆಂಪೋ ಇಳಿದೇಟ್ಗೇ ಮಗಾ ನನ್ ಕಿವೀಲಿ ಹೇಳ್ತು. ದೊಡ್ಡವ್ವ ನಿನ್ ತಾವ್ಕೋಗು ಅಂತು, ಅದ್ಕೇ ಬಂದೆ ಅಂತ."

"ಮತ್ಯಾಕೆ ಸುಮ್ಕಿದ್ದೆ?"

"ಮಗೀನ ಬುಟ್ಟೋದೋಳ್ ಮಾತ ಯಾರ್ ನಂಬೋರು? ನೀನಾಗೇ ಹೇಳ್ತೀಯ ಅಂತ ಕಾದೆ. ಊರ್ ಬುಡೋ ದಿನ, ಸಾಮಾನೆಲ್ಲ ಲಾರಿಗ್ ಹಾಕಾದ್ಮೇಲೂ ಒಸಿ ಹೊತ್ತು ನಿಮ್ ಜಗ್ಲಿ ತಾವ್ ನಿಂತಿದ್ದೆ ಕಣಕ್ಕ."

ಆ ದಿನ ನಾನು ಮನೆಯಲ್ಲೇ ಇದ್ದೆ. ಲಾರಿ ಹೊರಟ ಸದ್ದು ಕೇಳುವವರೆಗೂ ಹುಳುಮನೆಯಿಂದ ಆಚೆ ಬರಲಿಲ್ಲ.