ಹವಾಲ್ದಾರರಿಗೆ ನಾನು ತೋರಿಸಿದ ಜಾಗ

ಚಿಕ್ಕಮಗಳೂರಿನಲ್ಲಿ ಮಿಲಿಟರಿಯವರ ಸ್ಮಶಾನ ಅಂತ ಯಾವುದೂ ಇಲ್ಲ, ರುಕ್ಮಿಣಿ. ಆ ಸುಳ್ಳು ನನ್ನದು.

ಹವಾಲ್ದಾರರಾಗಿ ನಿವೃತ್ತರಾಗಿ ಬಂದ ನಿನ್ನ ಗಂಡ ನಮ್ಮ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ತೀರಿಕೊಂಡ ದಿನ ನೀನು ಕೇಳಿದ್ದು ಆರಡಿ ನೆಲ — ನಮ್ಮ ತೋಟದೊಳಗೆ, ಅವರ ತಾಯಿಯನ್ನು ಹೂತ ಜಾಗದ ಪಕ್ಕದಲ್ಲಿ. ಅಲ್ಲಿ ಹೊಸ ಕಾಫಿ ಗಿಡ ನೆಡಿಸಿದ್ದೆ. ಅದಕ್ಕಿಂತ ಹೆಚ್ಚಾಗಿ — ನಿಜ ಹೇಳಿಬಿಡುತ್ತೇನೆ — ಇನ್ನೊಂದು ಸಮಾಧಿ ಎದ್ದರೆ ನಾಳೆ ನೀವು ಆ ಜಾಗವೇ ನಮ್ಮದು ಅನ್ನುತ್ತೀರಿ ಎಂಬ ಭಯ. ನಮ್ಮಂಥ ಎಸ್ಟೇಟಿನವರಿಗೆ ಸತ್ತವರಿಗಿಂತ ನೆಲದ್ದೇ ಚಿಂತೆ.

"ಮಿಲಿಟರಿಯವ್ರಿಗೆ ಅಂತ್ಲೇ ಸರ್ಕಾರದ ಸ್ಮಶಾನ ಇದೆ ಕಣೇ. ಕಲ್ಲಲ್ಲಿ ಹೆಸ್ರು ಕೆತ್ತಿಸ್ತಾರೆ," ಅಂತ ನಾನು ಹೇಳಿದೆ. ಅಳುತ್ತಲೇ ನೀನು ಕೈ ಮುಗಿದೆ. ಥೂ, ನನ್ನ ನಾಲಗೆಗಿಷ್ಟು!

ಹೆಂಗಸರು ಸ್ಮಶಾನಕ್ಕೆ ಹೋಗಬಾರದೆಂಬ ಪದ್ಧತಿ ನನ್ನನ್ನು ಕಾಪಾಡಿತು. ಪಿಕಪ್ಪಿನಲ್ಲಿ ಒಯ್ದ ಗಂಡಸರು ಚಿಕ್ಕಮಗಳೂರಿನ ಸಾರ್ವಜನಿಕ ಸ್ಮಶಾನದ ಒಂದು ಮೂಲೆಯಲ್ಲಿ ಮಣ್ಣು ಮಾಡಿ ಬಂದರು. ಕಲ್ಲಿಲ್ಲ, ಗುರುತಿಲ್ಲ. ಅವರೆಲ್ಲ ನಮ್ಮ ಕೆಲಸದವರು. ಬಾಯಿ ಬಿಡಬೇಡಿ ಅಂದಿದ್ದೆ, ಬಿಡಲಿಲ್ಲ.

ಹನ್ನೊಂದು ವರ್ಷ ಕಳೆಯಿತು. ಮೊನ್ನೆ ಟಿವಿಯಲ್ಲಿ ಯಾವುದೋ ಊರಿನ ಸೈನಿಕರ ಸಮಾಧಿ, ಬಿಳಿ ಕಲ್ಲುಗಳ ಸಾಲು ನೋಡಿ ನೀನು ಓಡಿ ಬಂದೆ.

"ಅಮ್ಮಾ, ಈಗ ಹೆಂಗಸ್ರೂ ಹೋಗ್ತಾರಂತೆ. ನಮ್ಮೋರ ಕಲ್ಲು ಒಂದ್ಸಲ ತೋರ್ಸಿ."

ಆಗಲಾದರೂ ಹೇಳಬಹುದಿತ್ತು. ಜೀಪು ತೆಗೆದೆ. ಆಲ್ದೂರು ದಾಟಿ ಚಿಕ್ಕಮಗಳೂರಿನ ಅದೇ ಸಾರ್ವಜನಿಕ ಸ್ಮಶಾನಕ್ಕೆ ನಿನ್ನನ್ನು ಕರೆತಂದೆ. ಗೇಟಿನೊಳಗೆ ಪೊದೆ, ಒಡೆದ ಮಡಕೆ, ಪ್ಲಾಸ್ಟಿಕ್ಕು. ನೀನು ಸುತ್ತಲೂ ನೋಡಿದೆ.

"ಬಾವುಟ ಎಲ್ಲಮ್ಮಾ?"

"ಮಳೆಗಾಲ ಅಲ್ವೇನೇ, ಇಳ್ಸಿರ್ತಾರೆ."

"ಇವ್ರದ್ದು ಯಾವ್ದು?"

ನಿನಗೆ ಓದಲು ಬರುವುದಿಲ್ಲ — ಅದು ನನಗೆ ಗೊತ್ತಿತ್ತು. ಎದುರಿಗೆ ಕಂಡ ಕಲ್ಲೊಂದಕ್ಕೆ ಬೆರಳು ತೋರಿಸಿದೆ. ಅದರ ಮೇಲಿದ್ದದ್ದು ಯಾರೋ ಹೋಟೆಲ್ ಮಾಲೀಕರ ಹೆಸರು. ನೀನು ಅದನ್ನು ಸೆರಗಿನಿಂದ ಒರೆಸಿ, ಸೇವಂತಿಗೆ ಇಟ್ಟು, ಕೆನ್ನೆ ಒತ್ತಿ ಅತ್ತೆ. ಆಮೇಲೆ ನನ್ನ ಕಾಲು ಮುಟ್ಟಿದೆ. "ನಿಮ್ಮಿಂದ ಅವ್ರಿಗೊಂದು ಮರ್ಯಾದೆ ಸಿಕ್ತಮ್ಮಾ." ನಾನು ಕಾಲನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಬರೆದಿಟ್ಟರೆ ಇದು ನಿನ್ನನ್ನು ಮುಟ್ಟುವುದಿಲ್ಲ. ನಾಳೆ ಬೆಳಿಗ್ಗೆ ನಿನ್ನ ಮನೆಗೇ ಬಂದು, ಎದುರು ನಿಂತು ಓದುತ್ತೇನೆ. ಮುಖಕ್ಕೆ ಉಗಿದರೆ ಉಗಿ. ಆದರೆ ನೀನು ಉಗಿಯುವವಳಲ್ಲ. ಒಂದೇ ಮಾತು ಕೇಳುತ್ತೀಯ — ಹಾಗಾದ್ರೆ ನಮ್ಮೋರು ಎಲ್ಲಿದ್ದಾರಮ್ಮಾ?

ಅವರನ್ನು ಹೂತ ಆ ಮೂಲೆಯನ್ನು ಮತ್ತೆ ಅಗೆದು ಇನ್ಯಾರ್ಯಾರನ್ನೋ ಹೂತಿದ್ದಾರೆ, ರುಕ್ಮಿಣಿ. ಎಲ್ಲಿದ್ದಾರೆಂದು ನನಗೂ ಗೊತ್ತಿಲ್ಲ.