ಹಳೇ ಅಳತೆಯ ಉಯಿಲು

ಹಳೇ ಅಳತೆಗೆ ಬಟ್ಟೆ ಕತ್ತರಿಸಿದರೆ ಕೈ ಸೇದಿಹೋಗುವುದೇನೋ ಎನ್ನುವಂತೆ ಆಡುತ್ತಿದ್ದಳು ಆ ದರ್ಜಿಯಮ್ಮ. ಹೋದ ತಿಂಗಳಷ್ಟೇ ಅಂಗಿ ಹೊಲಿಸಿಕೊಂಡವರನ್ನೂ ಮತ್ತೆ ನಿಲ್ಲಿಸಿ ಟೇಪು ಹಿಡಿಯುವಳು. "ತಿಂಗಳಲ್ಲಿ ನಾನೇನು ಊದ್ಕೊಂಡ್ನಾ?" ಎಂದು ಯಾರಾದರೂ ರೇಗಿದರೆ, "ಅದನ್ನ ಟೇಪು ಹೇಳ್ಲಿ, ಸುಮ್ನೆ ನಿಂತ್ಕೊಳ್ಳಿ" ಎನ್ನುವಳು. ಬೀದಿಯವರು ಅಳತೆ ಅತ್ತೆ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಅಂಗಡಿಯಲ್ಲಿ ಹೊಲಿಗೆ ಸೊಸೆಯದು, ಕತ್ತರಿ ಅತ್ತೆಯದು. ಅದನ್ನು ಸೊಸೆ ಕೂಡ ಮುಟ್ಟುವಂತಿರಲಿಲ್ಲ.

ಇಂಥ ಹೆಂಗಸು ತನ್ನ ಉಯಿಲನ್ನು ಮಾತ್ರ ಮಗನ ಮದುವೆಯ ವರ್ಷ ಬರೆಸಿಟ್ಟು ಮರೆತೇಬಿಟ್ಟಿದ್ದಳು. ಅಂಗಡಿ, ಅದರ ಮೇಲಿನ ಮನೆ, ಎಲ್ಲ ಮಗನಿಗೆ. ಆಮೇಲೆ ಆ ಮಹಾರಾಯ ಹೆಂಡತಿಯನ್ನು ಬಿಟ್ಟು ಬೇರೆ ಕಡೆ ಸಂಸಾರ ಹೂಡಿದ. ಸೊಸೆ ತವರಿಗೆ ಹೋಗದೆ ಹೊಲಿಗೆ ಯಂತ್ರದ ಮುಂದೆಯೇ ಉಳಿದಳು. "ಮನೇಲಿ ಏನೇ ಬದಲಾದ್ರೂ ಉಯಿಲು ತೆಗೆದು ನೋಡಿಮ್ಮ" ಎಂದು ವಕೀಲರು ಅಂದೇ ಹೇಳಿದ್ದರು. ನೋಡಿದರಾಯಿತು ಬಿಡು ಎನ್ನುತ್ತಲೇ ವರ್ಷಗಳು ಕಳೆದವು.

ಈಗ ಅತ್ತೆ ಆಸ್ಪತ್ರೆಯ ಮಂಚದ ಮೇಲಿದ್ದಳು. ಹೃದಯದ ಆಪರೇಷನ್‌ಗೆ ಇನ್ನೇನು ಕರೆದೊಯ್ಯುವವರಿದ್ದರು. ಅದಾದ ಮೇಲೆ ತೊಡಲು ಮುಂದೆ ಗುಂಡಿಯಿರುವ ಸಡಿಲವಾದ ಅಂಗಿ ಬೇಕೆಂದು ಸೊಸೆ ಟೇಪು ತಂದಿದ್ದಳು.

"ಹಳೇ ಅಳತೆ ಇದೆಯಲ್ಲೇ, ಸಾಕು."

"ನೀವೇ ಹೀಗಂದ್ರೆ ಹೇಗತ್ತೆ? ಕೈ ಎತ್ತಿ."

ಟೇಪು ಎದೆ ಸುತ್ತಿ ಬಂತು. ಅಂಕಿ ನೋಡಿ ಅತ್ತೆಗೆ ಧಸಕ್ಕೆಂದಿತು. ಇಷ್ಟು ಇಳಿದುಹೋಗಿದ್ದೇನೆಯೇ? ಅದರ ಹಿಂದೆಯೇ ಪೆಟ್ಟಿಗೆಯಲ್ಲಿದ್ದ ಹಳೇ ಉಯಿಲು ನೆನಪಾಯಿತು. ತಾನು ಏಳದಿದ್ದರೆ ಮಗ ಅಂಗಡಿ ಮಾರುತ್ತಾನೆ, ಇವಳು ಬೀದಿಪಾಲಾಗುತ್ತಾಳೆ.

ಇವಳೇ ಪಕ್ಕದಲ್ಲಿ ಕೂತು ಬರೆಸಿಕೊಂಡಳೆಂದು ನಾಳೆ ಯಾರೂ ಅನ್ನಬಾರದು. "ಕೆಳಗಿನ ಔಷಧಿ ಅಂಗಡಿಗೆ ಹೋಗ್ಬಾ" ಎಂದು ಸೊಸೆಯನ್ನು ಕಳಿಸಿ, ನರ್ಸ್‌ ಹತ್ತಿರ ಕಾಗದ ಕೇಳಿ, ತಾರೀಕು ಹಾಕಿ, ಹೊಸ ಉಯಿಲು ಬರೆದಳು. ಪಕ್ಕದ ಮಂಚದ ಹೆಂಗಸನ್ನೂ ಆಕೆಯ ಗಂಡನನ್ನೂ ಕರೆದು ಅವರ ಕಣ್ಣೆದುರೇ ಸಹಿ ಮಾಡಿದಳು. ಹೆಂಗಸು ತಕ್ಷಣ ಸಾಕ್ಷಿ ಹಾಕಿದಳು. ಗಂಡ ಜೇಬು ತಡಕಾಡತೊಡಗಿದ.

"ಓದದೆ ಸಹಿ ಹಾಕೋನಲ್ಲಮ್ಮ ನಾನು. ಕನ್ನಡಕ ಎಲ್ಲೋ..."

"ನಾನು ಸಹಿ ಹಾಕಿದ್ದು ನೋಡಿದ್ರಲ್ಲ ಸ್ವಾಮಿ, ಅದಕ್ಕೆ ಸಾಕ್ಷಿ ಹಾಕಿ! ನನ್ನ ಆಸ್ತಿ ಕಟ್ಕೊಂಡು ನಿಮಗೇನಾಗ್ಬೇಕು?"

ಬಾಗಿಲಲ್ಲಿ ಗಾಲಿಮಂಚದ ಸದ್ದಾಯಿತು. ಆತ ಇನ್ನೂ ಎರಡನೇ ಜೇಬಿನಲ್ಲಿದ್ದ. ಅತ್ತೆಗೆ ಅವನ ಕುತ್ತಿಗೆ ಹಿಸುಕುವಷ್ಟು ಸಿಟ್ಟು ಬಂತು.

"ಹಾಕ್ರೀ ಸುಮ್ನೆ! ಅವರ ಜೀವ ಹೋಗ್ತಿದೆ ಇಲ್ಲಿ" ಎಂದು ಹೆಂಡತಿ ಗದರಿದ ಮೇಲೆ ಪುಣ್ಯಾತ್ಮ ಪೆನ್ನು ಹಿಡಿದ.

ಗಾಲಿಮಂಚ ಮೊಗಸಾಲೆ ದಾಟುವಾಗ ಸೊಸೆ ಓಡಿಬಂದಳು. ಕೊರಳಲ್ಲಿ ಟೇಪು ಹಾಗೇ ಇತ್ತು. ಅತ್ತೆ ಕಾಗದವನ್ನು ಅವಳ ಕೈಗೆ ತುರುಕಿದಳು.

"ವಕೀಲರಿಗೆ ಕೊಡು. ಹಳೇದು ರದ್ದು."

ಸೊಸೆ ನಡೆಯುತ್ತಲೇ ಎರಡು ಸಾಲು ಓದಿದಳು. ಕಣ್ಣು ತುಂಬಿತು. "ಅಂಗಡಿ ಯಾರಿಗೆ ಬೇಕತ್ತೆ? ನೀವು ವಾಪಸ್ ಬನ್ನಿ ಸಾಕು."

"ಬರ್ತೀನಿ. ಅಷ್ಟರಲ್ಲಿ ಅಂಗಿ ಹೊಲಿದಿಡು."

"ನೀವಿಲ್ದೆ ಕತ್ತರಿಸೋರು ಯಾರು?"

ಆಪರೇಷನ್ ಕೋಣೆಯ ಬಾಗಿಲು ತೆರೆಯಿತು. ಅತ್ತೆ ಅವಳ ಕೈ ಬಿಡುವ ಮೊದಲು ಒಮ್ಮೆ ಗಟ್ಟಿಯಾಗಿ ಅದುಮಿದಳು.

"ನೀನೇ ಕಣೇ" ಎಂದಳು.